ಇಳಿಸಿ ಕಟ್ಟಿದ ಶ್ರುತಿ

ಜೂನ್ 4, ಮಂಗಳವಾರ

ಅಂಗಡಿಯಿಂದ ಬಂದು ಚಪ್ಪಲಿ ಬಿಟ್ಟವಳೇ ಕುರ್ಚಿಗೆ ಬಿದ್ದೆ. ಕನ್ನಡಕ ಕೊಳ್ಳಲು ಬಂದವರೊಬ್ಬರು ಅಂಗಡಿಯಲ್ಲಿದ್ದ ಫ್ರೇಮ್‌ಗಳನ್ನೆಲ್ಲ ಮೂಗಿಗೇರಿಸಿ, "ನಮ್ಮ ಹಳೇದೇ ಚೆನ್ನಾಗಿದೆ ಬಿಡಿ" ಎಂದು ಹೋದರು. ನಗುನಗುತ್ತಾ ಕಳಿಸಿದೆ. ಆ ನಗುವಿಗೇ ತಾನೇ ಸಂಬಳ.

ಗಿಟಾರ್ ತೊಡೆ ಮೇಲಿದೆ, ಬಾರಿಸಲು ಮನಸ್ಸಿಲ್ಲ. ತಲೆಯಲ್ಲಿ ಮೊನ್ನೆ ಭಾನುವಾರದ್ದೇ. ವಾರವಾರ ನಾವು ಹಾಡಿ ಬಾರಿಸುವ ಹೋಟೆಲ್‌ನ ಊಟದ ಹಾಲ್‌ನಲ್ಲಿ ಅಕ್ಕ ಹಾಡುತ್ತಾ ಮೇಲಿನ ಸ್ವರಕ್ಕೆ ಹೋದಳು... ಕತ್ತಿನ ನರ ಉಬ್ಬಿತು. ಸ್ವರವೇನೋ ಸಿಕ್ಕಿತು. ಹೇಗೆ ಸಿಕ್ಕಿತು ಎಂಬುದು ಪಕ್ಕದಲ್ಲಿ ಕೂತ ನನಗೆ ಗೊತ್ತು. ಐವತ್ತೊಂಬತ್ತಾಯಿತು ಅವಳಿಗೆ. ಶ್ರುತಿ ಸ್ವಲ್ಪ ಇಳಿಸೋಣ ಎಂದರೆ ಹಾವು ತುಳಿದವಳ ಹಾಗೆ ಆಡುತ್ತಾಳೆ. "ಇಳಿಸೋ ದಿನ ಬಂದ್ರೆ ಹಾಡೋದೇ ಬಿಟ್ಬಿಡ್ತೀನಿ ಕಣೆ." ಹೇಳಿದ್ದನ್ನು ಮಾಡುವ ಹೆಂಗಸು. ಬಿಟ್ಟರೆ ಗತಿ? ಭಾವ ಹೋದ ಮೇಲೆ ಅವಳು ತಲೆ ಬಾಚಿ, ಒಳ್ಳೆ ಬಟ್ಟೆ ಹಾಕುವುದು ಆ ಭಾನುವಾರ ಮಧ್ಯಾಹ್ನಕ್ಕೆ ಮಾತ್ರ. ಅದೂ ಹೋದರೆ ಅವಳು ಹಾಸಿಗೆಯಿಂದಲೇ ಏಳುವುದಿಲ್ಲ. ಭಯವಾಗುತ್ತದೆ.

ಜೂನ್ 5, ಸಂಜೆ

ಒಂದು ದಾರಿ ಇದೆ. ಓಪನ್ ಟ್ಯೂನಿಂಗ್. ಯಾವಾಗಲೋ ಕೇಳಿದ್ದೆ, ಕೈ ಹಾಕಿರಲಿಲ್ಲ. ಎರಡು ತಂತಿ ಇದ್ದ ಹಾಗೇ ಇರಲಿ, ಉಳಿದ ನಾಲ್ಕರ ಬಿರಡೆ ಸಡಿಲಿಸಬೇಕು. ಆಮೇಲೆ ಎಡಗೈಯಲ್ಲಿ ಏನೂ ಒತ್ತದೆ ಸುಮ್ಮನೆ ಮೀಟಿದರೂ ಆರು ತಂತಿ ಸೇರಿ ಪೂರ್ತಿ ಡಿ ಕಾರ್ಡ್, ಸ್ವರಗಳ ಒಂದು ಗೊಂಚಲು. ನಮ್ಮ ಹಾಡುಗಳೆಲ್ಲ ಇರುವುದು ಇ ಶ್ರುತಿಯಲ್ಲಿ. ಡಿ ಅಂದರೆ ಎರಡು ಮೆಟ್ಟಿಲು ಕೆಳಗೆ.

ಎಲ್ಲ ತಂತಿಯನ್ನೂ ಒಂದೇ ಸಮ ಇಳಿಸಿದರೆ ಅಕ್ಕ ಹಿಡಿದುಬಿಡುತ್ತಾಳೆ. ಮೂವತ್ತು ವರ್ಷ ಅದೇ ಕಾರ್ಡ್, ಅದೇ ಸದ್ದು ಕೇಳಿದ ಕಿವಿ. ಇದರಲ್ಲಿ ಸದ್ದೇ ಬೇರೆ, ಕೈ ಆಡುವ ರೀತಿಯೇ ಬೇರೆ. ಮನೆಗೆಲ್ಲ ಹೊಸ ಬಣ್ಣ ಬಳಿದರೆ ಬಾಗಿಲು ಗಿಡ್ಡವಾದದ್ದು ಯಾರ ಕಣ್ಣಿಗೆ ಬೀಳುತ್ತದೆ?

ಮೀಟಿದೆ. ಅಬ್ಬಾ... ಇಷ್ಟು ವರ್ಷ ಈ ಡಬ್ಬದೊಳಗೆ ಇಷ್ಟು ಸದ್ದಿತ್ತೇ! ಬೆರಳೊಂದನ್ನು ಅಡ್ಡ ಹಿಡಿದು ಸರಿಸಿದರೆ ಇನ್ನೊಂದು ಕಾರ್ಡ್. ಮೈನರ್ ಕಾರ್ಡ್ ಮಾತ್ರ ಸಿಗುತ್ತಿಲ್ಲ. ಬೆರಳುಗಳು ಹಳೇ ಜಾಗಕ್ಕೇ ಓಡುತ್ತವೆ, ಗಾಣದೆತ್ತಿನ ಹಾಗೆ. ಎಂಟಕ್ಕೆ ಸಾಕೆನಿಸಿ ಇಟ್ಟೆ. ಬೆನ್ನು ನೋವು.

ಜೂನ್ 9, ಭಾನುವಾರ

ಆಯ್ತು. ಯಾರಿಗೂ ಗೊತ್ತಾಗಲಿಲ್ಲ. ನಮ್ಮ ಜೊತೆ ಪಿಯಾನೋ ಬಾರಿಸುವ ದೊಡ್ಡಣ್ಣ ಮಂಡಿ ಆಪರೇಷನ್‌ಗೆ ರಜೆ ಹಾಕಿದ್ದು ಅನುಕೂಲವಾಯಿತು. ನಾವಿಬ್ಬರೇ.

"ಏನೇ ಇದು, ಕೈ ಆಡಿಸದೇನೇ ಬಾರಿಸ್ತಿದೀಯ?"

"ಬೆರಳು ನೋವು ಅಕ್ಕ. ಇದೊಂದು ಹೊಸ ಟ್ಯೂನಿಂಗ್. ಒಂದೇ ಬೆರಳು ಸಾಕು."

"ಮೈಗಳ್ಳಿ! ಅದಕ್ಕೂ ಒಂದು ಟ್ಯೂನಿಂಗ್ ಕಂಡುಹಿಡಿದಿದ್ದಾರಾ?"

ಮೇಲಿನ ಸ್ವರಕ್ಕೆ ಸಲೀಸಾಗಿ ಹೋದಳು. ಮುಗಿದ ಮೇಲೆ ನೀರು ಕುಡಿಯುತ್ತಾ, "ಇವತ್ತು ಗಂಟಲು ಹೇಳಿದ ಮಾತು ಕೇಳ್ತು ನೋಡೇ" ಎಂದಳು. ಖುಷಿಯಾಯಿತು. ನಾಚಿಕೆಯೂ ಆಯಿತು.

ಜೂನ್ 11

ಎರಡು ಬಸ್ ಬದಲಾಯಿಸಿ ಅಕ್ಕ ಎಣ್ಣೆ ಬಾಟಲಿ ಹಿಡಿದು ಬಂದಳು. ಬಿಸಿ ಮಾಡಿ ನನ್ನ ಬೆರಳುಗಳನ್ನು ಒಂದೊಂದಾಗಿ ತಿಕ್ಕಿದಳು. "ಇಲ್ಲಿ ನೋಯುತ್ತಾ? ಇಲ್ಲಿ?" ಹೂಂ, ಹೂಂ ಎಂದೆ. ಸುಳ್ಳಿಗೆ ಎಣ್ಣೆ ತಿಕ್ಕಿಸಿಕೊಂಡವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಥೂ.

ಜೂನ್ 26

ದೊಡ್ಡಣ್ಣ ಈ ಭಾನುವಾರ ಬರುತ್ತಾರಂತೆ. ಫೋನ್ ಮಾಡಿ ಎಲ್ಲ ಹೇಳಿದೆ. ಡಿ-ಯಲ್ಲೇ ಬಾರಿಸಿ, ಅಕ್ಕನಿಗೆ ಹೇಳಬೇಡಿ ಎಂದೆ.

"ಬಾರಿಸ್ತೀನಮ್ಮ. ಆದ್ರೆ ಹಾಡೋರು ಹೇಳಿದ್ದೇ ಶ್ರುತಿ. ಅವಳು ಬಾಯಿಬಿಟ್ಟು ಇ ಅಂದ್ರೆ ನಾನು ಬೇರೆ ಹಿಡಿಯೋಕಾಗಲ್ಲ."

ಅಕ್ಕ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಈಗ ಯಾಕೆ ಹೇಳುತ್ತಾಳೆ? ಸುಸ್ತು. ಮಲಗುತ್ತೇನೆ.

ಜೂನ್ 30, ಭಾನುವಾರ

ಹೇಳಿದಳು.

ದೊಡ್ಡಣ್ಣ ಕೋಲು ಒರಗಿಸಿ ಪಿಯಾನೋ ಮುಂದೆ ಕೂತಿದ್ದೇ ತಡ, "ಮಂಡಿ ಹೊಸದಾದ್ರೂ ಶ್ರುತಿ ಹಳೇದೇ ಅಣ್ಣಾ! ಇ-ಯಿಂದಲೇ ಎತ್ಕೊಳ್ಳಿ" ಎಂದಳು, ಎಲ್ಲರಿಗೂ ಕೇಳುವ ಹಾಗೆ. ಅವರು ನನ್ನ ಮುಖ ನೋಡಿದರು. ಇ ಹಿಡಿದರು. ನಾನೇನು ಮಾಡಲಿ? ಎರಡು ಮೆಟ್ಟಿಲು ಮೇಲೆ ಬೆರಳು ಅಡ್ಡ ಒತ್ತಿ ಅವರ ಹಿಂದೆಯೇ ಹೋದೆ.

ಮೇಲಿನ ಸ್ವರ ಸಿಗಲಿಲ್ಲ. ದನಿ ಒಡೆದೇ ಹೋಯಿತು. ಮುಂದಿನ ಟೇಬಲ್‌ನವರು ಚಮಚ ಕೆಳಗಿಟ್ಟರು. ಅಕ್ಕ ಕೆಮ್ಮಿದಳು, ನಕ್ಕಳು, ಉಳಿದದ್ದನ್ನು ಹೇಗೋ ಮುಗಿಸಿದಳು.

ಬಸ್ಸಿನಲ್ಲಿ ನನ್ನ ಕೈ ಎಳೆದುಕೊಂಡು ಬೆರಳುಗಳನ್ನು ಮಡಚಿ, ಬಿಡಿಸಿ ನೋಡಿದಳು.

"ನೋವಿರ್ಲಿಲ್ಲ, ಅಲ್ವಾ?"

"ಇಲ್ಲ."

"ಎಷ್ಟು ಇಳಿಸಿದ್ದೆ?"

"ಎರಡು."

"ಜೊತೆಗೇ ಕೂತು ನನ್ನ ಕಿವಿಗೇ ಹೂವಿಟ್ಟೆಯಲ್ಲೇ."

ಅವಳ ಸ್ಟಾಪ್ ಬಂತು. ತಿರುಗಿ ನೋಡದೆ ಇಳಿದಳು.

ಜುಲೈ 3

ಫೋನ್ ಎತ್ತುತ್ತಿಲ್ಲ.

ಜುಲೈ 14

ಅಮ್ಮಾವ್ರು ಎಲ್ಲಿ ಎಂದು ಹೋಟೆಲ್ ಮ್ಯಾನೇಜರ್ ಕೇಳಿದರು. ನೆಗಡಿ ಎಂದೆ. ತಗೋ, ಇನ್ನೊಂದು ಸುಳ್ಳು. ದೊಡ್ಡಣ್ಣ, ನಾನು ಹಾಡಿಲ್ಲದೆ ಬಾರಿಸಿದೆವು. ಜನ ಊಟ ಮಾಡಿಕೊಂಡು ಹೋದರು. ಅವಳ ಭಾನುವಾರ ಉಳಿಸಲು ಹೋಗಿ ನಾನೇ ಅದನ್ನು ಕಳೆದೆ. ಬಸ್ಸಿನಲ್ಲಿ ಅಳು ಬಂತು. ಪಕ್ಕದವರು ಕಿಟಕಿ ಕಡೆ ತಿರುಗಿದರು, ಪುಣ್ಯಾತ್ಮರು.

ಜುಲೈ 28, ಭಾನುವಾರ, ಬೆಳಿಗ್ಗೆ

ಅಕ್ಕ ಬಂದಿದ್ದಾಳೆ. ಬಾಗಿಲು ತೆಗೆದರೆ ನಿಂತಿದ್ದಾಳೆ! ಮುಖ ಇಳಿದುಹೋಗಿದೆ. ಬೈಯುತ್ತಾಳೆಂದುಕೊಂಡೆ.

"ಬಿಟ್ಟು ನೋಡ್ದೆ ಕಣೆ. ಗೋಡೆ ನೋಡ್ಕೊಂಡು ಕೂತೆ. ಎಷ್ಟು ದಿನ ಅಂತ ಗೋಡೆ ನೋಡ್ಲಿ? ತೆಗಿ ಆ ನಿನ್ನ ಕಳ್ಳ ಟ್ಯೂನಿಂಗ್‌ನ."

ಡಿ-ಗೆ ಕಟ್ಟಿ ಮೀಟಿದೆ. ಹಾಡಿದಳು. ಮೇಲಿನ ಸ್ವರಕ್ಕಿಂತ ಮುಂಚೆಯೇ ಕೈ ಎತ್ತಿ ನಿಲ್ಲಿಸಿದಳು.

"ಇಲ್ಲೂ ನೋಯುತ್ತೆ."

"ಆವತ್ತು ಸಲೀಸಾಗಿ ಹೋದೆಯಲ್ಲ ಅಕ್ಕ?"

"ಎಲ್ಲಿ ಸಲೀಸು? ಪಾಪ, ಇವಳು ಬೆರಳು ನೋವಿಟ್ಕೊಂಡು ಬಾರಿಸ್ತಿದಾಳೆ, ನನ್ನ ಗಂಟಲಿಂದೇನು ಹೇಳೋದು ಅಂತ, ಮಾತು ಕೇಳ್ತು ಅಂದುಬಿಟ್ಟೆ."

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮೊದಲು ನಕ್ಕಿದ್ದು ಅವಳು. ನನಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

ಆರೂ ತಂತಿ ಇನ್ನೂ ಇಳಿಸಿ ಸಿ-ಗೆ ತಂದೆ. ಹಾಡಿದಳು. ಕತ್ತಿನ ನರ ಉಬ್ಬಲಿಲ್ಲ. ದಪ್ಪ ದನಿ, ಒರಟು, ಇದುವರೆಗೆ ಅವಳಲ್ಲಿ ನಾನು ಕೇಳದೇ ಇದ್ದದ್ದು. ಅಮ್ಮ ಒಳಗಿನಿಂದ ನಮ್ಮನ್ನು ಕೂಗುತ್ತಿದ್ದ ದನಿಯ ಹಾಗೆ.

"ನೋಯ್ತಾ?"

"ಸ್ವಲ್ಪ. ಇನ್ನೂ ಇಳಿಸು."

ಟೀ ಮಾಡಲು ಹೋಗಿದ್ದಾಳೆ, ಅಷ್ಟರಲ್ಲಿ ಇದನ್ನು ಬರೆದೆ. ತಂತಿ ಆಗಲೇ ಸಡಿಲವಾಗಿ ಮರಕ್ಕೆ ಬಡಿಯುತ್ತಿದೆ, ಇನ್ನು ಇಳಿಸಿದರೆ ಸ್ವರವೇ ನಿಲ್ಲುವುದಿಲ್ಲ ಎಂದು ಕೂಗಿ ಹೇಳಿದೆ. ಅಡುಗೆಮನೆಯಿಂದಲೇ ಉತ್ತರ ಬಂತು: "ಬಡಿದ್ರೆ ಬಡೀಲಿ ಬಿಡೇ. ದೊಡ್ಡಣ್ಣನಿಗೆ ಫೋನ್ ಮಾಡು. ಹನ್ನೆರಡಕ್ಕೆ ಬರ್ತೀವಿ, ಶ್ರುತಿ ನಾನೇ ಹೇಳ್ತೀನಿ ಅನ್ನು. ಎಲ್ಲರ ಮುಂದೇನೇ ಹೇಳ್ತೀನಿ ಅನ್ನು."

ಬಾಚಣಿಗೆ ಎಲ್ಲಿ ಎಂದು ಕೇಳುತ್ತಿದ್ದಾಳೆ. ಕೊಟ್ಟು ಬರಬೇಕು. ಮೊದಲು ಈ ಆರನೇ ತಂತಿ, ಇನ್ನೊಂದು ಚೂರು—