ಖಾಲಿ ಮಾಡಿಕೊಟ್ಟ ಗಾಯರಾಣ

ಶರಫುದ್ದೀನ ಕಾಕಾ ಅವರಿಗೆ ಗುರುಶಾಂತನ ಶರಣು.

ಸೊಲ್ಲಾಪುರದಲ್ಲಿ ನಿಮ್ಮ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತೆಂದು ನಿಮ್ಮ ಮಗ ಬಿಲಾಲ ಹೇಳಿದ. ಫೋನಿನಲ್ಲಿ ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ಅವನೇ ಓದಿ ಹೇಳಲಿ.

ನಮ್ಮ ಗಾಯರಾಣವನ್ನು ಸೋಲಾರ್ ಕಂಪನಿಗೆ ಕೊಟ್ಟಿದ್ದಾರೆ. ಊರ ದನ ಮೇಯುವ ನೆಲವನ್ನು ಹೇಗೆ ಕೊಟ್ಟಿರಿ ಎಂದು ತಹಶೀಲ್ದಾರ ಕಚೇರಿಯಲ್ಲಿ ಕೇಳಿದೆ. ಸಾಹೇಬರು ಕಡತ ತೆರೆದು ತೋರಿಸಿದರು. "ಒತ್ತುವರಿ ಒಂದೂ ಉಳಿದಿಲ್ಲ ಅಂತ ನೀವೇ ಬರ್ದು ಕೊಟ್ಟೀರಲ್ರಿ. ತಕರಾರಿಲ್ಲದ ಜಾಗಾ ಈ ಕಡಿ ಇದೊಂದೇ ಸಿಕ್ಕದ." ಅದು ಗಾಯರಾಣ ಉಳಿಸಲೆಂದು ನಮ್ಮ ಸಮಿತಿ ಕೊಟ್ಟ ಪತ್ರ. ಅಕ್ಷರ ನನ್ನದು, ಮೊದಲ ಸಹಿ ನಿಮ್ಮದು.

ಗಾಯರಾಣದಲ್ಲಿ ನೀವು ಒತ್ತಿ ಬಿತ್ತುತ್ತಿದ್ದ ತೊಗರಿ ಪಟ್ಟಿಯನ್ನು ಬಿಡಿರೆಂದು ನಾನು ಕೇಳಿದ ದಿನ, "ನಾ ಮೊದ್ಲ ಬಿಟ್ರ ಉಳದೋರೂ ಬಿಡ್ತಾರ, ತಮ್ಮಾ" ಎಂದು ನಿಂತ ಬೆಳೆಗೇ ದನ ಬಿಟ್ಟವರು ನೀವು. ಹನ್ನೊಂದು ಮನೆಯವರು ನಿಮ್ಮನ್ನು ನೋಡಿ ಬಿಟ್ಟರು. ಪಕ್ಕದೂರಿನಲ್ಲಿ ಒಬ್ಬರೂ ಬಿಡಲಿಲ್ಲ. ಅವರ ಗಾಯರಾಣವನ್ನು ಯಾರೂ ಮುಟ್ಟಿಲ್ಲ.

ಮೇಲ್ಮನವಿಗೆ ನಿಮ್ಮ ಸಹಿ ಬೇಕು, ಬಿಲಾಲನ ಕೈಯಲ್ಲಿ ಕಳಿಸಿರಿ. ವಕೀಲರು ಮಾತ್ರ ಆಸೆ ಇಟ್ಟುಕೊಳ್ಳಬೇಡಿ ಎಂದಿದ್ದಾರೆ.

ನಿಮ್ಮ ಆಡುಗಳು ನಮ್ಮ ಕೊಟ್ಟಿಗೆಯಲ್ಲಿವೆ. ಹಗ್ಗ ಬಿಚ್ಚಿದರೆ ಸಾಕು, ಹಳೆಯ ದಾರಿ ಹಿಡಿದು ಹೋಗಿ ತಂತಿ ಬೇಲಿಗೆ ಮುಖ ಹಚ್ಚಿ ನಿಲ್ಲುತ್ತವೆ. ಮಾರಲೇ, ಕಟ್ಟಿಯೇ ಸಾಕಲೇ, ತಿಳಿಸಿರಿ.

ಕಣ್ಣು ಪೂರ್ತಿ ಬರುವವರೆಗೆ ಅಲ್ಲೇ ಇರಿ. ಇಲ್ಲಿ ನೋಡಲು ಅವಸರವೇನಿಲ್ಲ.

ಬಿಡಿರೆಂದು ನಿಮಗೆ ಹೇಳಿದವನು,
ಗುರುಶಾಂತ