ಹೊಸ ಮನೆಯ ಮೊದಲ ಮೊಳೆ

ಅಪ್ಪಾ,

ನಾವು ಬಾಗಲಗುಂಟೆಯ ಬಾಡಿಗೆ ಮನೆ ಬಿಟ್ಟೆವು ಅನ್ನುವುದನ್ನು ನಿನಗೆ ಬೇರೆ ಯಾರು ಹೇಳುತ್ತಾರೆ? ನಾನೇ ಹೇಳಬೇಕು. ಈಗ ಚಿಕ್ಕಬಾಣಾವರದ ಕಡೆ ಎರಡು ಕೋಣೆಯ ಸ್ವಂತ ಮನೆ. ಮೇಲಿನ ಮಹಡಿ, ಬಾಲ್ಕನಿಯಲ್ಲಿ ನಿಂತರೆ ರೈಲು ಕಾಣುತ್ತದೆ. ನೀನಿಲ್ಲದ ಮೇಲೆ ಬಂದ ಮನೆಯಾದ್ದರಿಂದ ಅದರ ಬಗ್ಗೆ ಪೂರ್ತಿ ಖುಷಿಪಡುವುದಕ್ಕೆ ನನಗಿನ್ನೂ ಬಂದಿಲ್ಲ. ನೀನು ಮಾಡಿದ ದೀಪಗಳು, ಒಂದನ್ನು ಬಿಟ್ಟು, ಎಲ್ಲವೂ ಅವ್ವನ ಹಳೆ ಸೀರೆಗಳಲ್ಲಿ ಸುತ್ತಿಕೊಂಡು ಜೋಪಾನವಾಗಿ ಬಂದವು. ಬಂದವು, ಆದರೆ ತಿಂಗಳುಗಟ್ಟಲೆ ಸೀರೆಯಿಂದ ಹೊರಗೆ ಬರಲಿಲ್ಲ. ಯಾಕೆ ಅಂತ ಮೊದಲಿನಿಂದ ಹೇಳುತ್ತೇನೆ. ಗೊತ್ತಿದ್ದದ್ದನ್ನೇ ಹೇಳ್ತಾಳೆ ಅಂತ ಬೈಯಬೇಡ.

ಆ ಬಾಡಿಗೆ ಮನೆಗೆ ಬಂದ ದಿನ ನೆನಪಿದೆಯಾ? ನಾನಿನ್ನೂ ಎರಡನೇ ಕ್ಲಾಸು. ಬಾಗಲಕೋಟೆ ಕಡೆಯಿಂದ ಬಂದ ಮೂರು ಜನ, ಒಂದು ಟ್ರಂಕು, ಒಂದಿಷ್ಟು ಗಂಟು. ಕೆಳಗಿನ ಮನೆಯ ಓನರ್ ಆಂಟಿ ಬೀಗದ ಕೈ ಕೊಡುವ ಮೊದಲೇ ಕಾನೂನು ಹೇಳಿದರು: “ನೋಡಪ್ಪಾ, ನಂದು ಒಂದೇ ಮಾತು. ಗೋಡೆಗೆ ಮೊಳೆ ಹೊಡೀಬಾರ್ದು. ಕ್ಯಾಲೆಂಡರ್‌ಗೂ ಇಲ್ಲ, ದೇವ್ರ ಪಟಕ್ಕೂ ಇಲ್ಲ. ನಮ್ಮೆಜಮಾನ್ರು ನಿಂತು ಕಟ್ಸಿದ್ ಗೋಡೆ ಇದು.” ಯಜಮಾನರು ಆಗಲೇ ತೀರಿಕೊಂಡಿದ್ದರು. ರಾಗಿ ಬೆಳೆಯುತ್ತಿದ್ದ ತಮ್ಮ ಹೊಲದಲ್ಲೇ ಮನೆಗಳನ್ನು ಎಬ್ಬಿಸಿ, ಬಾಡಿಗೆಗೆ ಜನ ಬರುವಷ್ಟರಲ್ಲಿ ಹೋಗಿಬಿಟ್ಟರಂತೆ. ನೀನು ಸುಮ್ಮನೆ ತಲೆ ಆಡಿಸಿದೆ. ಕೈಯಲ್ಲಿದ್ದ ದೇವರ ಪಟವನ್ನು ಅಡುಗೆ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿಟ್ಟೆ. ನಾವು ಆ ಮನೆಯಲ್ಲಿ ಇದ್ದಷ್ಟು ಕಾಲವೂ ದೇವರು ಅಲ್ಲೇ, ಕುಕ್ಕರಿನ ಪಕ್ಕ, ಒರಗಿಕೊಂಡೇ ಇದ್ದ.

ಪೀಣ್ಯದಲ್ಲಿ ನೀನು ಕೆಲಸ ಮಾಡುತ್ತಿದ್ದ ಪೇಂಟಿನ ಶೆಡ್ಡಿಗೆ ನನ್ನನ್ನು ಒಂದು ಸಲ ಕರೆದುಕೊಂಡು ಹೋಗಿದ್ದೆಯಲ್ಲ, ಆಯುಧಪೂಜೆಯ ಹಿಂದಿನ ದಿನ? ಕಬ್ಬಿಣದ ಸಾಮಾನುಗಳು ಕೊಕ್ಕೆಗೆ ನೇತಾಡಿಕೊಂಡು ಸಾಲಾಗಿ ಬರುತ್ತಿದ್ದವು. ನೀನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಗನ್ನಿನಿಂದ ಅವಕ್ಕೆ ಬಣ್ಣದ ಪುಡಿ ಹಾರಿಸುತ್ತಿದ್ದೆ. ಆಚೆ ಬದಿಯ ಓವನ್ನಿನಲ್ಲಿ ಆ ಪುಡಿ ಕರಗಿ, ಗಟ್ಟಿಯಾಗಿ, ಹೊಳೆಯುತ್ತಾ ಬರುತ್ತಿತ್ತು. ಒಂದು ಬಣ್ಣದ ಲೋಡು ಮುಗಿಯುವಾಗ ಕೊನೆಯ ಕೊಕ್ಕೆ ಖಾಲಿ ಉಳಿದರೆ ಅದು ಕೆಲಸಗಾರರದ್ದು ಅನ್ನುವುದು ನಿಮ್ಮ ಶೆಡ್ಡಿನ ಪದ್ಧತಿ. ಮನೆಯಿಂದ ತಂದ ಏನನ್ನಾದರೂ ಅಲ್ಲಿಗೆ ಸಿಕ್ಕಿಸಬಹುದಿತ್ತು. ಉಳಿದವರು ಕುರ್ಚಿ, ಸೈಕಲ್ ಕ್ಯಾರಿಯರ್ ತರುತ್ತಿದ್ದರು. ನೀನು ಮಾತ್ರ ಪಕ್ಕದ ಶೆಡ್ಡಿನ ಗುಜರಿಗೆ ಕೈಹಾಕುತ್ತಿದ್ದೆ. ಅಲ್ಲಿ ವಾಷರ್‌ಗಳನ್ನು ಕತ್ತರಿಸಿ ತೆಗೆದ ಮೇಲೆ ಮೈತುಂಬಾ ದುಂಡನೆಯ ತೂತುಗಳಿರುವ ತಗಡು ಉಳಿಯುತ್ತಿತ್ತು. ಒಂದು ದಿನ ಅದನ್ನು ಕೊಳವೆಯ ಹಾಗೆ ಸುತ್ತಿ, ತಂತಿ ಬಿಗಿದು, ಕೊನೆಯ ಕೊಕ್ಕೆಗೆ ಸಿಕ್ಕಿಸಿ, ಬಣ್ಣ ಹಿಡಿಸಿ ಮನೆಗೆ ತಂದೆ. ಅವ್ವ ಅದನ್ನು ನೋಡಿ ಜರಡಿ ಅಂದುಕೊಂಡಿದ್ದಳು.

ಆ ಮೊದಲ ದೀಪ ಹತ್ತಿದ ಸಂಜೆಯನ್ನು ನಾನು ಹೇಗೆ ಮರೆಯಲಿ! ಕಿತ್ತಳೆ ಬಣ್ಣ, ಟ್ರ್ಯಾಕ್ಟರ್ ಸಾಮಾನಿನ ಲೋಡಿನಲ್ಲಿ ಉಳಿದದ್ದು. ತೊಟ್ಟಿಲು ಕಟ್ಟಲೆಂದು ಸೂರಿಗೆ ಬಿಟ್ಟಿದ್ದ ಕೊಕ್ಕೆಯಿಂದ ಅದನ್ನು ಇಳಿಬಿಟ್ಟು, ಒಳಗೆ ಬಲ್ಬು ಕೂರಿಸಿ, ಸ್ವಿಚ್ ಒತ್ತಿದೆ. ನಾಲ್ಕೂ ಗೋಡೆಗಳ ತುಂಬ ಬೆಳಕಿನ ದುಂಡು ದುಂಡು ಹೂವುಗಳು. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು, “ಓನರ್ ಆಂಟಿ ಬೈದ್ರ ಏನ್ ಮಾಡ್ತಿ?” ಅಂದಳು. ನೀನು ನಕ್ಕೆ. “ಗ್ವಾಡಿಗೆ ಮೊಳಿ ಬ್ಯಾಡ ಅಂದಾರ. ಬೆಳಕು ಬ್ಯಾಡ ಅಂದಿಲ್ಲಲ್ಲ.” ಅವತ್ತು ರೊಟ್ಟಿ ಸೀದುಹೋಯಿತು, ಯಾರೂ ಬೈಯಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯ ಬಣ್ಣ ನಿರ್ಧರಿಸಿದ್ದು ನಿನ್ನ ಶೆಡ್ಡಿಗೆ ಬಂದ ಆರ್ಡರುಗಳು. ಆಸ್ಪತ್ರೆಯ ಮಂಚಗಳು ಬಂದಾಗ ಕಿಟಕಿಯ ಸರಳಿಗೆ ತಿಳಿಹಸಿರು ದೀಪ, ಹೂಕುಂಡಕ್ಕೆ ತಿಳಿಹಸಿರು ಸ್ಟ್ಯಾಂಡು. ಆಟದ ಮೈದಾನದ ಜಾರುಬಂಡಿ ಬಂದಾಗ ಕಡುನೀಲಿ. ಟ್ರಾನ್ಸ್‌ಫಾರ್ಮರ್ ಡಬ್ಬಿಗಳು ಬಂದ ವರ್ಷ ಎಲ್ಲವೂ ಬೂದಿ ಬಣ್ಣ, ನಿನ್ನ ಮುಖವೂ ಅದೇ ಬಣ್ಣ. “ಇದೇನು ಮನೀನೋ ಕೆಇಬಿನೋ?” ಅಂತ ಅವ್ವ ಕೇಳಿದ್ದಳು. ಒಂದು ಮೊಳೆಯೂ ಇಲ್ಲದೆ ಎಲ್ಲವನ್ನೂ ಕಿಟಕಿಗೆ, ಸಜ್ಜದ ಅಂಚಿಗೆ, ಬಾಗಿಲಿನ ಚಿಲಕಕ್ಕೆ ತಂತಿಯಲ್ಲಿ ಕಟ್ಟುತ್ತಿದ್ದೆ. ಸ್ಕೂಲಿನ ಗೆಳತಿಯರು ಬಂದು, “ನಿಮ್ಮನೆ ಸಕ್ಕತ್ತಾಗಿದೆ ಕಣೇ” ಅಂದರೆ ನನಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಓನರ್ ಆಂಟಿ ಯುಗಾದಿಗೆ ಮುಂಚೆ ಗೋಡೆ ಪರೀಕ್ಷೆಗೆ ಹತ್ತಿ ಬರುತ್ತಿದ್ದರಲ್ಲ? “ತೂತು ಗೀತು ಮಾಡಿಲ್ಲ ತಾನೆ?” ಅಂತ ಮೂಲೆ ಮೂಲೆಯನ್ನೂ ಅಂಗೈಯಲ್ಲಿ ಸವರುತ್ತಿದ್ದರು. ಒಂದು ಸಲ ಕಿತ್ತಳೆ ದೀಪದ ಕೆಳಗೆ ಚಾಪೆಯ ಮೇಲೆ ಕೂತವರು ಏಳಲೇ ಇಲ್ಲ. “ಅಲ್ಲಪ್ಪಾ, ಇಂಗೆ ಮಾಡ್ಬಿಟ್ರೆ ಇದು ನಮ್ಮ ಬಾಡಿಗೆ ಮನೆ ಅಂತ ನಂಗೇ ಗುರ್ತು ಸಿಗಾಕಿಲ್ವಲ್ಲ” ಅಂದರು. ಹೊಗಳಿದರೋ ದೂರಿದರೋ ತಿಳಿಯದೆ ನೀನು ಕಾಫಿ ಮಾಡಿಸಿದೆ.

ಆಸ್ಪತ್ರೆಯ ಆ ಕೊನೆಯ ವಾರದ ಬಗ್ಗೆ ಹೆಚ್ಚು ಬರೆಯಲಾರೆ. ಒಂದು ಮಾತ್ರ ಬರೆಯುತ್ತೇನೆ. ಮಂಚದ ಸರಳನ್ನು ನೀನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದೆ. ಅದೇ ತಿಳಿಹಸಿರು. “ನಮ್ಮ ಕೈಯಾಗಿಂದು ಇರಬೇಕವಾ. ಎಲ್ಲೂ ಎದ್ದಿಲ್ಲ ನೋಡು.” ಉಸಿರು ಸಿಗದ ಮನುಷ್ಯ ಬಣ್ಣ ಎದ್ದಿದೆಯೋ ಇಲ್ಲವೋ ನೋಡುತ್ತಾನಾ ಅಂತ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವ್ವ ಆ ಸರಳನ್ನೇ ಹಿಡಿದುಕೊಂಡು ಕೂತಿದ್ದಳು. ಆಮೇಲೆ ನೀನು…

ಮನೆ ಖಾಲಿ ಮಾಡಿದ ದಿನ ಓನರ್ ಆಂಟಿ ಪದ್ಧತಿಯಂತೆ ಗೋಡೆ ಸವರುತ್ತಾ ಬಂದರು. ಎಲ್ಲಿಯೂ ಏನೂ ಕೈಗೆ ಸಿಗಲಿಲ್ಲ. ಅವರ ಕೈ ನಿಧಾನವಾಯಿತು. ಅವ್ವ ಕಿತ್ತಳೆ ದೀಪವನ್ನು ಬಿಚ್ಚಿ, ಒರೆಸಿ, ಅವರ ಕೈಗೆ ಕೊಟ್ಟಳು. ಕೇಳದೆ ಕೊಟ್ಟಳು ಅಂತ ನಿನಗೆ ಬೇಜಾರಿಲ್ಲ ತಾನೇ? ನನಗೆ ಸ್ವಲ್ಪ ಇತ್ತು. ಅದು ಮೊದಲನೆಯದಲ್ಲವಾ.

ಹೊಸ ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ಸುತ್ತಿಗೆ, ಮೊಳೆ ತಂದದ್ದು. ನಿನ್ನ ಫೋಟೋಗೆ ಕಟ್ಟು ಹಾಕಿಸಿ ತಂದಿದ್ದೆ. ಎಲ್ಲಿ ಹಾಕೋಣ ಅಂದರೆ ಅವ್ವ, “ಗ್ವಾಡಿಗೆ ಮೊಳಿ ಹೊಡಿಬ್ಯಾಡ” ಅಂದಳು. “ಅವ್ವಾ, ಇದು ನಮ್ಮ ಮನೆ” ಅಂದರೆ, “ಆಂಟಿನ್ನ ಒಂದ್ ಮಾತು ಕೇಳು” ಅಂದಳು! ನಕ್ಕುಬಿಟ್ಟೆ. ಅವಳು ನಗಲಿಲ್ಲ. ಫೋಟೋವನ್ನು ಪೇಪರಿನಲ್ಲೇ ಸುತ್ತಿ ಸಜ್ಜದ ಮೇಲಿಟ್ಟಳು. ಕ್ಯಾಲೆಂಡರನ್ನು ಕಿಟಕಿಗೆ ಕಟ್ಟಿದಳು, ದೇವರನ್ನು ಮತ್ತೆ ಕುಕ್ಕರಿನ ಪಕ್ಕ ಒರಗಿಸಿದಳು. ದೀಪದ ಗಂಟನ್ನು ಬಿಚ್ಚಲು ಬಿಡಲಿಲ್ಲ. ಸ್ವಂತ ಮನೆಯಲ್ಲಿ ಬಾಡಿಗೆಯವಳ ಹಾಗೆ ಬದುಕುತ್ತಿದ್ದಳು. ನಾಳೆ ಯಾರೋ ಬಂದು ಖಾಲಿ ಮಾಡಿ ಅಂದರೆ ಎದ್ದು ಹೊರಡುವವಳ ಹಾಗೆ. ನಾನು ಲ್ಯಾಬಿನ ಕೆಲಸ ಮುಗಿಸಿ ಬಂದರೆ ಬೋಳು ಗೋಡೆಯ ಎದುರು ಸುಮ್ಮನೆ ಕೂತಿರುತ್ತಿದ್ದಳು. ನಿನ್ನ ಜೊತೆ ಇವಳನ್ನೂ ಕಳೆದುಕೊಳ್ಳುತ್ತೇನೆ ಅನ್ನಿಸಿ ಭಯವಾಗುತ್ತಿತ್ತು ಅಪ್ಪಾ. ಯಾರಿಗೆ ಹೇಳಲಿ?

ಹೋದ ಭಾನುವಾರ ಮುಸ್ಸಂಜೆ ಓನರ್ ಆಂಟಿಯೇ ಮನೆ ನೋಡಲು ಬಂದರು. ಮಂಡಿ ನೋವಿನಲ್ಲಿ ಅಷ್ಟು ಮೆಟ್ಟಿಲು ಹತ್ತಿ, ಉಸಿರು ಬಿಡುತ್ತಾ ಒಳಗೆ ಬಂದವರು ಅಭ್ಯಾಸಬಲದಿಂದ ಗೋಡೆ ಸವರಿಬಿಟ್ಟರು. ಆಮೇಲೆ ಸುತ್ತ ನೋಡಿ, “ನಿಮ್ಮೆಜಮಾನ್ರ ಪಟ ಎಲ್ಲವ್ವ?” ಅಂದರು.

ಅವ್ವ ಸಜ್ಜದ ಕಡೆ ನೋಡಿದಳು. “ಅಲ್ಲಿ ಐತ್ರಿ. ಮೊಳಿ ಹೊಡದು ಹಾಕಿದ್ರ… ಖರೇನ ಹೋದ್ರು ಅಂದಂಗ ಆಗತೈತಿ.”

ಆಂಟಿ ಅವಳ ಪಕ್ಕ ಕೆಳಗೇ ಕೂತರು. “ನಂಗೂ ಅಂಗೇ ಆಗಿತ್ತು ಕಣವ್ವ. ನಮ್ಮೆಜಮಾನ್ರ ಪಟ ಇಷ್ಟ್ ವರ್ಷ ಟೀವಿ ಮೇಲೇ ಇತ್ತು. ಗೋಡೆ ಹಾಳಾಯ್ತದೆ ಅಂತ ಎಲ್ರಿಗೂ ಹೇಳ್ದೆ. ಗೋಡೆಗೋಸ್ಕರ ಅಲ್ಲ, ನಂಗೆ ಧೈರ್ಯ ಇರ್ನಿಲ್ಲ.” ಮಂಡಿ ನೀವಿಕೊಳ್ಳುತ್ತಾ ಅಂದರು, “ನೀನು ದೀಪ ಕೊಟ್ಯಲ್ಲ, ಅದನ್ನ ಎಲ್ಲಿ ತಗಲಾಕ್ಲಿ? ನಮ್ಮನೇಲಿ ತೊಟ್ಲು ಕೊಕ್ಕೆ ಇಲ್ಲ. ಕೊನೆಗೆ ನಾನೇ ಒಂದು ಮೊಳೆ ಹೊಡ್ದೆ ಕಣವ್ವ. ಟೀವಿ ಮೇಲೆ ಅವ್ರ ಪಟ ಇದ್ಯಲ್ಲ, ಅದ್ರ ಮೇಲ್ಗಡೆಗೆ. ದಿನಾ ಸಂಜೆ ಹಚ್ತೀನಿ. ಅವ್ರ ಮುಖದ ಮೇಲೆಲ್ಲ ಹೂವ ಬೀಳ್ತದೆ.”

ಕೇಳಿದೆಯಾ ಅಪ್ಪಾ? ದೇವರ ಪಟಕ್ಕೂ ಮೊಳೆ ಬೇಡ ಅಂದ ಹೆಂಗಸು!

ಅವ್ವ ಅತ್ತಳು. ನಿನ್ನನ್ನು ಮಣ್ಣು ಮಾಡಿ ಬಂದ ದಿನವೂ ಹಾಗೆ ಅತ್ತಿರಲಿಲ್ಲ. ಅತ್ತು, ಮೂಗು ಒರೆಸಿಕೊಂಡು ಎದ್ದು, ಗಂಟು ಬಿಚ್ಚಿ ನೀಲಿ ದೀಪ ತೆಗೆದಳು. ನಾನು ಸುತ್ತಿಗೆ, ಮೊಳೆ ತಂದರೆ ಕೈಯಿಂದ ಕಸಿದುಕೊಂಡು ಸ್ಟೂಲು ಹತ್ತಿದಳು. “ಇಲ್ಲೇನು? ನೆಟ್ಟಗ ನೋಡಿ ಹೇಳು” ಅಂದಳು. ನಾನು ಹೇಳುವಷ್ಟರಲ್ಲಿ ಹೊಡೆದೇಬಿಟ್ಟಳು. ಹೊಸ ಗಾರೆ ಉದುರಿ ಅವಳ ತಲೆಯ ಮೇಲೆಲ್ಲ ಬಿತ್ತು. ಮೊಳೆ ಸೊಟ್ಟ. ನೀನಿದ್ದಿದ್ದರೆ ಖಂಡಿತ ಕಿತ್ತು ಮತ್ತೆ ಹೊಡೆಸುತ್ತಿದ್ದೆ. ನಾವು ಹಾಗೇ ಬಿಟ್ಟೆವು.

ಸ್ವಿಚ್ ಹಾಕಿದಾಗ ಹೂವುಗಳು ಗೋಡೆ ತುಂಬಿದವು, ಆಂಟಿಯ ಬಿಳಿ ತಲೆಯ ಮೇಲೂ ಅವ್ವನ ಗಾರೆ ಮೆತ್ತಿದ ತಲೆಯ ಮೇಲೂ ಬಿದ್ದವು. ನಿನ್ನ ಫೋಟೋ ಸಜ್ಜದಿಂದ ಇಳಿದು ಈಗ ದೀಪದ ಕೆಳಗೆ ಮೇಜಿನ ಮೇಲಿದೆ. ಅದಕ್ಕೂ ಒಂದು ಮೊಳೆ ಹೊಡೆಯುತ್ತಾಳಂತೆ, ಕಾಲ ಕೂಡಿ ಬಂದಾಗ. ನಾನು ಅವಸರ ಮಾಡುವುದಿಲ್ಲ, ಮಾತು ಕೊಡುತ್ತೇನೆ.

ನೀನು ಈ ಊರಿನಲ್ಲಿ ಬದುಕಿದಷ್ಟು ಕಾಲ ಯಾರ ಗೋಡೆಗೂ ಒಂದು ಮೊಳೆ ಹೊಡೆಯಲಿಲ್ಲ ಅಪ್ಪಾ. ಈಗ ನಿನಗೋಸ್ಕರ ಎರಡು ಮನೆಯ ಗೋಡೆಗೆ ಮೊಳೆ ಬಿದ್ದಿದೆ. ಒಂದು ನಮ್ಮದು, ಇನ್ನೊಂದು ಓನರ್ ಆಂಟಿಯದು.

ನಿನ್ನ ಮಗಳು,
ಗೀತಾ