ನಿನ್ನ ಸೆರಗಿನ ಕೆಳಗಿನ ಬಿಸಿಲು

ಅಮ್ಮಾ,

ನನ್ನ ಗಾಜಿನ ತುಂಡುಗಳನ್ನು ನೀನು ತೊಳೆದಿಟ್ಟ ದಿನ ನೆನಪಿದೆಯಾ? ಲ್ಯಾಬಿನಿಂದ ತಂದು ಅಡುಗೆಮನೆಯ ಗೂಡಿನಲ್ಲಿ ಇಟ್ಟಿದ್ದೆ. ಜಿಂಕ್ ಉಪ್ಪಿನ ಬಿಸಿನೀರಿನಲ್ಲಿ ಗಂಟೆಗಟ್ಟಲೆ ಮುಳುಗಿಸಿ ಅವುಗಳ ಮೇಲೆ ನ್ಯಾನೋತಂತಿ ಬೆಳೆಸಿದ್ದೆ, ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣವು. ನಿನ್ನ ಕಣ್ಣಿಗೆ ಬಿದ್ದದ್ದು ಬರೀ ಬಿಳಿ ಕೊಳೆ. ತೆಂಗಿನ ನಾರಿನಲ್ಲಿ ಉಜ್ಜಿ ಫಳಫಳ ಮಾಡಿಟ್ಟಿದ್ದೆ ನೀನು. ನಾನು ಕೂಗಾಡಿದರೆ, “ಕಣ್ಗೇ ಕಾಣ್ದಿರೋ ತಂತೀಲಿ ಕಣ್ಗೇ ಕಾಣ್ದಿರೋ ಬಿಸ್ಲು ಹಿಡೀತೀಯೇನೇ? ಹೋಗಿ ಊಟ ಮಾಡು” ಅಂದೆ. ಊಟ ಮಾಡಿದೆ.

ಕಾಣದ ಬಿಸಿಲು ಅಂದರೆ ಅತಿನೇರಳೆ ಕಿರಣ; ಅದನ್ನು ಅಳೆಯುವ ಸೆನ್ಸರಿಗಾಗಿಯೇ ಆ ತಂತಿಗಳು. ನಿನ್ನ ಎಡಗಣ್ಣಿನ ಮೂಲೆಯಲ್ಲಿ ಮಾಂಸ ಬೆಳೆಯತೊಡಗಿದಾಗ ಡಾಕ್ಟರು ದೂರಿದ್ದು ಅದನ್ನೇ. ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾ ದಿನವಿಡೀ ಬಿಸಿಲಲ್ಲಿರುವವಳು ನೀನು. ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ ಕಪ್ಪು ಕೂಲಿಂಗ್ ಗ್ಲಾಸ್ ಕೊಂಡು ತಂದುಕೊಟ್ಟೆ. ನಾನು ಊರಿಗೆ ಬಂದಾಗಲೆಲ್ಲ ನೀನು ಅದನ್ನು ಹಾಕಿಕೊಂಡೇ ತೋಟಕ್ಕೆ ಹೊರಡುತ್ತಿದ್ದೆ. ಚಿಕ್ಕಮ್ಮ ನಕ್ಕರೂ ತೆಗೆಯುತ್ತಿರಲಿಲ್ಲ. ನನಗೆಷ್ಟು ಹೆಮ್ಮೆ...

ಹೋದ ತಿಂಗಳು ಸೆನ್ಸರ್ ಕೊನೆಗೂ ಕೆಲಸ ಮಾಡಿತು, ನೀನು ತೀರಿಕೊಂಡು ವರ್ಷ ತುಂಬಿದ ಮೇಲೆ. ಬಿಸಿಲಿಗಿಟ್ಟರೆ ತಂತಿಗಳಲ್ಲಿ ಕರೆಂಟು ಏರುತ್ತದೆ, ಮೀಟರಿನ ಅಂಕಿಯೂ ಏರುತ್ತದೆ. ಆ ಕಿರಣವನ್ನು ತಡೆದರೆ ನಿಧಾನವಾಗಿ ಇಳಿಯುತ್ತದೆ. ಮೊದಲು ಏನನ್ನು ಪರೀಕ್ಷೆ ಮಾಡಿದೆ ಹೇಳು? ಟೇಕಲ್ಲಿನ ನಮ್ಮ ಮನೆಯ ಮಾಳಿಗೆ ಹತ್ತಿ, ನಿನ್ನ ಕೂಲಿಂಗ್ ಗ್ಲಾಸನ್ನೇ ಅಡ್ಡ ಹಿಡಿದೆ. ಎಷ್ಟು ಹೊತ್ತು ಕಾದರೂ ಅಂಕಿ ಇಳಿಯಲಿಲ್ಲ. ಅದು ಬರೀ ಬಣ್ಣ, ಅಮ್ಮ. ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಅಗಲವಾಗಿ ಕಿರಣ ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ಹಾಗಾದರೆ ಅಷ್ಟು ದಿನ ನಿನ್ನ ಕಣ್ಣಿಗೆ ನಾನೇ...

ವಿಷಯ ಕೇಳಿದ ಅಪ್ಪ, “ನೀನು ಬಸ್ ಹತ್ತಿದ್ಮೇಲೆ ಅವ್ಳು ಯಾವತ್ತು ಹಾಕಿದ್ಲು? ತೆಗ್ದು ರಾಗಿ ಡಬ್ಬದ ಮೇಲಿಡೋಳು. ಸೆರಗೇ ಸಾಕು ಅನ್ನೋಳು ಕಣಮ್ಮ” ಅಂದ. ನೀನು ನನ್ನನ್ನು ಯಾಮಾರಿಸಿದ್ದು ಗೊತ್ತಾಗಿ ಇಷ್ಟು ಸಂತೋಷವಾಗುತ್ತದೆಂದು ನಾನು ಅಂದುಕೊಂಡಿರಲಿಲ್ಲ.

ಹಣೆಯ ಮೇಲೆ ಎಳೆದುಕೊಳ್ಳುತ್ತಿದ್ದ ಆ ಸೆರಗನ್ನೂ ನೋಡಿಬಿಡೋಣವೆಂದು ಟ್ರಂಕಿನಿಂದ ನಿನ್ನ ನೀಲಿ ನೂಲಿನ ಸೀರೆ ತೆಗೆದೆ. ಒಂದು ತುಂಡು ಕತ್ತರಿಸಲಾ ಅಂದರೆ ಅಪ್ಪ ಒಪ್ಪಲಿಲ್ಲ. “ಕತ್ರಿ ಗಿತ್ರಿ ಬೇಡ, ನಾನ್ ಹಿಡ್ಕೊಂತೀನಿ” ಅಂದ. ಮಾಳಿಗೆಯ ಬಿಸಿಲಿನಲ್ಲಿ, ಉಗುರಿನಷ್ಟು ಸೆನ್ಸರ್ ಗಾಜಿನ ಮೇಲೆ, ಮಡಿಸಿದ ಸೆರಗಿನ ಒಂದು ಕಡೆ ಅಪ್ಪ, ಇನ್ನೊಂದು ಕಡೆ ನಾನು ಹಿಡಿದು ನಿಂತೆವು. ಅಂಕಿ ಇಳಿಯುತ್ತಾ ಇಳಿಯುತ್ತಾ, ಕತ್ತಲೆ ಕೋಣೆಯಲ್ಲಿ ಎಷ್ಟಿರುತ್ತಿತ್ತೋ ಹೆಚ್ಚುಕಡಿಮೆ ಅಷ್ಟಕ್ಕೇ ಬಂತು. ಈ ಸುದ್ದಿ ಹೇಳಬೇಕೆಂದೇ ಬರೆದೆ, ಅಮ್ಮ.

“ಆಯ್ತೇನಮ್ಮ, ಬಿಡ್ಲಾ?” ಎಂದು ಅಪ್ಪ ಕೇಳಿದ.

“ಇನ್ನೂ ಇಳೀಬೇಕಪ್ಪ, ಸ್ವಲ್ಪ ಹೊತ್ತು ಹಿಡ್ಕೋ” ಅಂದೆ.

ಮೀಟರನ್ನು ಆಗಲೇ ಆಫ್ ಮಾಡಿದ್ದೆ.